ದುಬೈಯಲ್ಲಿ ವಿಲ್ಲಾ ಕೊಡಿಸಿದ ಅಂಧೇರಿಯ ಸಲಹಾ ಸಂಸ್ಥೆ

ದುಬೈಗೆ ವರ್ಗವಾದ ಮಗನ ಸಂಸಾರದೊಡನೆ ಅಲ್ಲಿಯೇ ನೆಲೆಸುವುದೆಂದು ನಿಶ್ಚಯಿಸಿ, ಮಾಟುಂಗಾದ ನಾವು ನಾಲ್ಕು ಮಲಗುವ ಕೋಣೆಗಳ ವಿಲ್ಲಾ ಕೊಳ್ಳಲು ಅಂಧೇರಿಯ ಸಲಹಾ ಸಂಸ್ಥೆಯೊಂದರ ನೆರವು ಪಡೆದೆವು. ಮನೆ ಹುಡುಕುವುದರಲ್ಲಿ ಅವರು ನಿಪುಣರು. ವಿದೇಶಿಯರಿಗೆ ಪೂರ್ಣ ಒಡೆತನ ಸಿಗುವ ಬಡಾವಣೆಗಳನ್ನಷ್ಟೇ ಆಯ್ದು, ಮೊಮ್ಮಕ್ಕಳ ಶಾಲೆಯ ದೂರವನ್ನೂ ಲೆಕ್ಕ ಹಾಕಿ, ನನ್ನ ಪತ್ನಿ ಕೇಳಿದ ದೇವರ ಕೋಣೆಗೂ ಜಾಗವಿರುವ ಮನೆಯನ್ನೇ ತೋರಿಸಿದರು.

ಹಣದ ವಿಷಯ ಬಂದಾಗ ಮಾತ್ರ ಅವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ದುಬೈ ಭೂ ಇಲಾಖೆಯ ಶೇ 4ರ ವರ್ಗಾವಣೆ ಶುಲ್ಕವನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಿಯೇ ಇರಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಭಾರತದ ನಿವಾಸಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರಿಗಿಂತ ಹೆಚ್ಚು ಹಣವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲವೆಂಬುದನ್ನೂ, 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮೊದಲೇ ಸಂಗ್ರಹಿಸುತ್ತದೆಂಬುದನ್ನೂ ನಮಗೆ ತಿಳಿಸಿದವರು ನಮ್ಮದೇ ಕಟ್ಟಡದ ಲೆಕ್ಕಪರಿಶೋಧಕರು, ಅದೂ ಶುಲ್ಕವಿಲ್ಲದೆ, ಒಂದು ಲೋಟ ಕಾಫಿಗೆ! ಆ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಕೈಯಲ್ಲಿ ಹಣವಿರುವುದಿಲ್ಲ.

ಕೊನೆಗೆ ನಾನೂ ಪತ್ನಿಯೂ ಜಂಟಿ ಮಾಲೀಕರಾಗಿ, ಇಬ್ಬರ ಮಿತಿಯನ್ನೂ ಬಳಸಿ, ಮಾರ್ಚ್‌ನಲ್ಲೊಮ್ಮೆ, ಹೊಸ ಆರ್ಥಿಕ ವರ್ಷ ಆರಂಭವಾದ ಏಪ್ರಿಲ್‌ನಲ್ಲೊಮ್ಮೆ ಹಣ ಕಳುಹಿಸಿದೆವು. ಮನೆಯ ಆಯ್ಕೆಗೆ ಐದಕ್ಕೆ ನಾಲ್ಕು, ಹಣಕಾಸಿನ ಸಲಹೆಗೆ ಒಂದೇ ಅಂಕ.