ಓದುಗರು ಕೂಡಿಸಿದ ಪುಸ್ತಕ ಮಾಹಿತಿ: ಎಲ್ಲಿಗೆ ಹಾಕೋಣ?

ನಿಮ್ಮ ಓದುಗರ ಬಳಗ ಕನ್ನಡ ಪುಸ್ತಕಗಳ ಪಟ್ಟಿ ಮಾಡಿದೆ. ಅದು ಲೈಬ್ರರಿ, ಅಂಗಡಿ, ಸಂಶೋಧಕರು ಎಲ್ಲರಿಗೂ ಸಿಗಬೇಕು. ಯಾರು ಬೇಕಾದರೂ ಪುಸ್ತಕದ ಮಾಹಿತಿ ಸೇರಿಸಬಹುದಾದ ಓಪನ್ ಲೈಬ್ರರಿ, ವಿಕಿಡೇಟಾ, ಲೈಬ್ರರಿಥಿಂಗ್ ಎಂಬ ಮೂರು ಜಾಲತಾಣಗಳಲ್ಲಿ ಯಾವುದು ಅಂತ ಕೇಳಿದ್ದೀರಿ.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಮೂರರಲ್ಲೂ ಖಾತೆ ಉಚಿತ. ಆದರೆ ಲೈಬ್ರರಿಥಿಂಗ್‌ನ ಟ್ಯಾಗು (ಓದುಗರು ಪುಸ್ತಕಕ್ಕೆ ಅಂಟಿಸುವ ವಿಷಯದ ಪದ), ವಿಮರ್ಶೆಗಳನ್ನು ಒಂದು ಲೈಬ್ರರಿ ತನ್ನ ಕ್ಯಾಟಲಾಗಿನಲ್ಲಿ ತೋರಿಸಬೇಕೆಂದರೆ ಚಂದಾ ಕಟ್ಟಬೇಕು.

ಸುಲಭ ಅಂದರೆ ಓಪನ್ ಲೈಬ್ರರಿ. ಹೆಸರು, ಪ್ರಕಾಶಕರು, ವರ್ಷ ತುಂಬಿ, ಮುಖಪುಟದ ಫೋಟೋ ಹಾಕಿದರೆ ಆಯ್ತು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇಲ್ಲದ ಹಳೇ ಪುಸ್ತಕಕ್ಕೂ ಜಾಗವಿದೆ. ಇಡೀ ದತ್ತಾಂಶದ ಪ್ರತಿ ಡೌನ್‌ಲೋಡಿಗೆ ಸಿಗುತ್ತದೆ. ಸಾವಿರಾರು ಪುಸ್ತಕ ಒಟ್ಟಿಗೆ ನೋಡುವ ಸಂಶೋಧಕರಿಗೆ ಇದೇ ಬೇಕು, ಅಲ್ವಾ? ತೊಂದರೆ ಏನೆಂದರೆ ಒಂದೇ ಪುಸ್ತಕ ಎರಡೆರಡು ಸಲ ಸೇರಿಕೊಳ್ಳುತ್ತದೆ.

ವಿಕಿಡೇಟಾ ಕಲಿಯೋಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಆದರೆ ಹೆಸರಿನ ಗೋಜಲು ಬಿಡಿಸಲು ಅದೇ ಸರಿ. ಕುವೆಂಪು, ಕೆ.ವಿ. ಪುಟ್ಟಪ್ಪ, ಇಂಗ್ಲಿಷ್ ಕಾಗುಣಿತ ಎಲ್ಲವೂ ಒಂದೇ ಗುರುತಿನ ಸಂಖ್ಯೆಯಡಿ ಬರುತ್ತವೆ. ಪರವಾನಗಿ ಸಿಸಿ0, ಅಂದರೆ ಯಾರು ಬೇಕಾದರೂ ಮುಕ್ತವಾಗಿ ಬಳಸಬಹುದು, ಹಾಗಾಗಿ ಅಂಗಡಿಯವರು ವ್ಯಾಪಾರಕ್ಕೂ ಬಳಸಬಹುದು. ವಿಮರ್ಶೆಗೆ ಮಾತ್ರ ಅಲ್ಲಿ ಜಾಗವಿಲ್ಲ.

ವಿಮರ್ಶೆ, ಟ್ಯಾಗುಗಳೇ ನಿಮ್ಮ ಬಂಡವಾಳವಾದರೆ ಲೈಬ್ರರಿಥಿಂಗ್ ನೋಡಿ. ಲೇಖಕರ ಹೆಸರು ಸರಿಪಡಿಸೋದೇ ಮುಖ್ಯವಾದರೆ ವಿಕಿಡೇಟಾ. ಹಳೇ ಮುದ್ರಣಗಳ ರಾಶಿ ಇದ್ದರೆ ಓಪನ್ ಲೈಬ್ರರಿ. ಎರಡು ಕಡೆ ಹಾಕಿದರೂ ಕೆಲಸ ದಂಡವಾಗದು.

ವಿಮರ್ಶೆ ಬರೆದವರ ಒಪ್ಪಿಗೆಯನ್ನು ಮೊದಲೇ ಕೇಳಿ. ಯಾರು ಯಾವ ಪುಸ್ತಕ ಓದಿದರು ಎಂಬ ಕಾಲಂ ಅಳಿಸಿಯೇ ಕೊಡಿ.