ಮತದಾರರ ಪಟ್ಟಿ ಸೇವೆ, ತುಮಕೂರು: ಅರ್ಜಿ ಸಲೀಸು, ಚುನಾವಣೆ ತಡ

ಪಾಲಿಕೆ, ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆ, ಲೋಕಸಭೆಯದು ಭಾರತ ಚುನಾವಣಾ ಆಯೋಗ. ಜಿಲ್ಲೆಯಲ್ಲಿ ಎರಡಕ್ಕೂ ಜಿಲ್ಲಾಧಿಕಾರಿಗಳೇ ಹೊಣೆ, ಓಡಾಡಬೇಕಾದದ್ದೂ ಅದೇ ತಾಲ್ಲೂಕು ಕಚೇರಿಗೆ. ಹಾಗಾಗಿ ಜನರಿಗೆ ಎರಡೂ ಒಂದೇ ಅನ್ನಿಸುತ್ತದೆ. ಪಟ್ಟಿಯ ಮಟ್ಟಿಗೆ ಅದು ತಪ್ಪೂ ಅಲ್ಲ: ವಿಧಾನಸಭೆಯ ಪಟ್ಟಿಯನ್ನೇ ವಾರ್ಡ್‌ವಾರು ಒಡೆದು ಸ್ಥಳೀಯ ಚುನಾವಣೆಗೆ ಬಳಸುತ್ತಾರೆ. ಅಲ್ಲಿ ಹೆಸರಿಲ್ಲದಿದ್ದರೆ ಇಲ್ಲೂ ಇಲ್ಲ.

ಅರ್ಜಿ ಸೇವೆಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಹೊಸಬರಿಗೆ ನಮೂನೆ 6, ಹೆಸರು ತೆಗೆಸಲು 7, ತಿದ್ದುಪಡಿಗೂ ವಿಳಾಸ ಬದಲಾವಣೆಗೂ 8. ಆನ್‌ಲೈನ್‌ನಲ್ಲಿ ಹಾಕಬಹುದು, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಕೈಗೂ ಕೊಡಬಹುದು. ವಿಚಾರಣೆಗೆ 1950 ಸಹಾಯವಾಣಿ. ಹದಿನೆಂಟು ತುಂಬಿದವರು ಈಗ ಜನವರಿವರೆಗೆ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ.

ಹೆಚ್ಚು ಜನ ಎಡವುವುದು ಮನೆ ಬದಲಿಸಿದಾಗ. ಕುಣಿಗಲ್‌ನಿಂದ ತುಮಕೂರಿಗೆ ಬಂದವರು ‘ಕ್ಷೇತ್ರ ಬೇರೆಯಾಯಿತಲ್ಲ’ ಎಂದು ನಮೂನೆ 6 ತುಂಬುತ್ತಾರೆ. 2022ರ ಆಗಸ್ಟ್‌ನಿಂದ ಇದಕ್ಕೂ ನಮೂನೆ 8 ಸಾಕು. 6ರಲ್ಲಿ ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂದು ಸಹಿ ಹಾಕಬೇಕು. ಹಳೆಯ ಹೆಸರು ಉಳಿದಿದ್ದರೆ ಅದು ಸುಳ್ಳು ಘೋಷಣೆ, ಒಂದು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ.

ಇನ್ನೊಂದು ಕಾಟ ಲಿಪಿಯದು. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡ ರೂಪ ತಾನಾಗಿ ಬರುತ್ತದೆ, ಆದರೆ ಯಂತ್ರಕ್ಕೆ ದ, ಡ ಭೇದ ತಿಳಿಯದು. ನಮ್ಮ ಸಿದ್ದಗಂಗಮ್ಮ ‘ಸಿಡ್ಡಗಂಗಮ್ಮ’ ಆಗಿಬಿಡುತ್ತಾರೆ. ಸಲ್ಲಿಸುವ ಮುಂಚೆ ಕನ್ನಡದ ಕಾಲಂ ಅಕ್ಷರ ಅಕ್ಷರ ಓದಿ. ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಪಟ್ಟಿ ಇಷ್ಟು ಚೆನ್ನಾಗಿದ್ದು ಏನು ಬಂತು, ಮತ ಹಾಕಲು ಚುನಾವಣೆಯೇ ಬರದಿದ್ದರೆ? 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಆಳ್ವಿಕೆ. ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡ್‌ಗಳಿಗೆ 2018ರ ಆಗಸ್ಟ್ 31ರಂದು ಮತದಾನ ನಡೆದಿತ್ತು, ಅಲ್ಲೂ ಅವಧಿ ಮುಗಿಯುವ ಮುಂಚೆ ಮುಂದಿನ ಚುನಾವಣೆ ಆಗಲಿಲ್ಲ. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕು ಎನ್ನುತ್ತದೆ ಸಂವಿಧಾನ.

ಕಾಗದದ ಮೇಲೆ ರಾಜ್ಯ ಚುನಾವಣಾ ಆಯೋಗ ಗಟ್ಟಿ. 243ಕೆ ವಿಧಿಯಂತೆ ಆಯುಕ್ತರನ್ನು ನೇಮಿಸುವವರು ರಾಜ್ಯಪಾಲರು. ತೆಗೆಯಬೇಕಾದರೆ ಹೈಕೋರ್ಟ್ ನ್ಯಾಯಮೂರ್ತಿಗಳನ್ನು ತೆಗೆಯುವ ಕ್ರಮವನ್ನೇ ಅನುಸರಿಸಬೇಕು. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಇಲ್ಲದೆ ಆಯೋಗ ದಿನಾಂಕ ಪ್ರಕಟಿಸುವಂತಿಲ್ಲ. ಮೀಸಲಾತಿ ಸರ್ಕಾರದ ಕೈಯಲ್ಲಿದೆ. ಪಂಚಾಯಿತಿ ಕ್ಷೇತ್ರ ವಿಂಗಡಣೆಯನ್ನೂ 2021ರ ತಿದ್ದುಪಡಿಯಲ್ಲಿ ಆಯೋಗದಿಂದ ಕಿತ್ತು ಬೇರೊಂದು ವಿಂಗಡಣಾ ಆಯೋಗಕ್ಕೆ ಕೊಟ್ಟರು, ಅದೂ ಆಯೋಗ ಆ ಕೆಲಸ ಮುಗಿಸಿದ ಮೇಲೆ. ಇದು ಸರಿಯಲ್ಲ. ಬೀಗ ಒಬ್ಬರ ಕೈಗೆ, ಬೀಗದಕೈ ಇನ್ನೊಬ್ಬರ ಕೈಗೆ ಕೊಟ್ಟಂತೆ. ವೇಳೆಗೆ ಚುನಾವಣೆ ಎಂಬ ಬಾಬಿಗೆ ಒಂದಂಕದ ಮೇಲೆ ಕೊಡಲಾಗದು, ಆ ಅಂಕ ಕಡಿತದಲ್ಲಿ ದೊಡ್ಡ ಪಾಲು ಸರ್ಕಾರದ್ದು.

ಪಾಲಿಕೆ ವಾರ್ಡ್‌ನ ಕರಡು ಪಟ್ಟಿ ಬಂದಾಗ ಹೆಸರು ಕಂಡಿತೆಂದು ಸುಮ್ಮನಾಗಬೇಡಿ. ಒಂದು ಮತಗಟ್ಟೆಯ ಭಾಗ ಎರಡು ವಾರ್ಡ್‌ಗಳಿಗೆ ಹಂಚಿಹೋಗುವ ಕಡೆ, ರಸ್ತೆಯ ಎಡಬದಿಯ ಮನೆಗಳು ಬಲಬದಿಯ ವಾರ್ಡ್‌ಗೆ ಸೇರಿಬಿಡುತ್ತವೆ. ವಾರ್ಡ್‌ನ ಗಡಿ ಅಧಿಸೂಚನೆಯಲ್ಲಿರುವ ರಸ್ತೆ, ಕ್ರಾಸ್ ಹೆಸರನ್ನು ನಿಮ್ಮ ಮನೆ ನಂಬರಿನ ಜೊತೆ ತಾಳೆ ನೋಡಿ. ತಪ್ಪಿದ್ದರೆ ಆಕ್ಷೇಪಣೆಗೆ ಕೊಟ್ಟ ದಿನಗಳೊಳಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಚೀಟಿ ಇಸಿದುಕೊಳ್ಳಿ.