ಕ್ರಾಬಿಯ ದ್ವೀಪಗಳಿಗೆ ಇಡೀ ದೋಣಿಯೋ, ಸೀಟಿನ ಟೂರೋ?

ಥಾಯ್ಲೆಂಡಿನ ಕ್ರಾಬಿಯಲ್ಲಿ ಆವ್‌ನಾಂಗ್ ಕಡಲದಂಡೆಯ ರಸ್ತೆಗೆ ಬಂದರೆ ಸಾಲಾಗಿ ಟೂರ್ ಅಂಗಡಿಗಳು. ಎಲ್ಲ ಕಡೆ ಕೇಳುವ ಪ್ರಶ್ನೆ ಒಂದೇ: ಜಾಯಿನ್ ಬೇಕೋ, ಪ್ರೈವೇಟ್ ಬೇಕೋ? ಜಾಯಿನ್ ಅಂದರೆ ತಲೆಗಿಷ್ಟು ಅಂತ ಕೊಟ್ಟು ಗೊತ್ತಿಲ್ಲದ ಇಪ್ಪತ್ತು ಮೂವತ್ತು ಜನರ ಜೊತೆ ಹೋಗುವುದು. ಪ್ರೈವೇಟ್ ಅಂದರೆ ದೋಣಿ ಪೂರ್ತಿ ನಿಮ್ಮದು. ಹೆಚ್ಚಿನವರು ದುಡ್ಡಿನ ಲೆಕ್ಕ ಹಾಕಿ ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಎರಡೂ ಬಗೆಯಲ್ಲಿ ಹೋಗಿ ನೋಡಿದ ಮೇಲೆ ನಾವು ಹೇಳುವುದು ಬೇರೆ. ದುಡ್ಡಿಗಿಂತ ಮೊದಲು ನೋಡಬೇಕಾದದ್ದು ಆ ದಿನದ ಉಬ್ಬರ ಇಳಿತ, ಆಮೇಲೆ ದ್ವೀಪದ ದೂರ. ಹತ್ತಿರದ ದ್ವೀಪಗಳಿಗೆ ಇಡೀ ದೋಣಿ ಹಿಡಿಯಿರಿ, ದೂರದ ಫಿ ಫಿ ದ್ವೀಪಗಳಿಗೆ ಸೀಟು ಸಾಕು.

ಹತ್ತಿರದ್ದರಲ್ಲಿ ಎಲ್ಲರೂ ಹೋಗುವುದು 'ಫೋರ್ ಐಲ್ಯಾಂಡ್' ಸುತ್ತಿಗೆ: ಪೋಡಾ, ಕೋಳಿ ಕತ್ತಿನ ಆಕಾರದ ಬಂಡೆಯಿರುವ ಕೋ ಕೈ, ಕೋ ಟಬ್, ಜೊತೆಗೆ ರೈಲೇ ಎಂಬ ಜಾಗದ ಬದಿಯ ಫ್ರಾ ನಾಂಗ್ ಕಡಲತೀರ. ಇದರಲ್ಲಿ ನಿಜವಾದ ಆಕರ್ಷಣೆ ಥಲೇ ವೇಕ್. ಕೋ ಟಬ್, ಕೋ ಮೋ, ಕೋ ಕೈ ಮೂರನ್ನೂ ಜೋಡಿಸುವ ಮರಳಿನ ದಾರಿ ಅದು. ನೀರು ಇಳಿದಾಗ ಮಾತ್ರ ಮೇಲೇಳುತ್ತದೆ. ಇಳಿತದ ಸಮಯಕ್ಕೆ ಹಿಂದೆ ಮುಂದೆ ಸುಮಾರು ಒಂದೂವರೆ ಗಂಟೆ ಆರಾಮಾಗಿ ನಡೆಯಬಹುದು. ಅದು ಬಿಟ್ಟರೆ ಮೊಣಕಾಲು, ಸೊಂಟದವರೆಗೆ ನೀರು. ಫೋಟೋದಲ್ಲಿ ಕಂಡ ಬಿಳಿ ಮರಳು ಎಲ್ಲಿ ಎಂದು ಜನ ಹುಡುಕುತ್ತಿರುತ್ತಾರೆ.

ಇಲ್ಲೇ ಜಾಯಿನ್ ಟೂರಿನ ಮುಖ್ಯ ಕೊರತೆ ಕಾಣುವುದು. ಅದು ಹೊರಡುವುದು ಬೆಳಿಗ್ಗೆ ಒಂಬತ್ತರ ಆಸುಪಾಸು, ವರ್ಷವಿಡೀ. ಕಡಲು ಹಾಗಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಇಳಿತ ಮಧ್ಯಾಹ್ನ ಮೂರಕ್ಕೆ ಇದ್ದರೆ ಜಾಯಿನ್ ದೋಣಿ ಹನ್ನೊಂದಕ್ಕೆ ಅಲ್ಲಿ ನಿಲ್ಲಿಸಿ, ನೀರಿನಲ್ಲೇ ಇಳಿಸಿ, ಅರ್ಧ ಗಂಟೆಯಲ್ಲಿ ಮತ್ತೆ ಹತ್ತಿಸಿಕೊಳ್ಳುತ್ತದೆ. ಅದೇ ದಿನ ಇಡೀ ದೋಣಿ ಹಿಡಿದವರು ಹನ್ನೊಂದೂವರೆಗೆ ಹೊರಟು, ಪೋಡಾದಲ್ಲಿ ಊಟ ಮುಗಿಸಿ, ಕೋ ಕೈ ಪಕ್ಕ ಸ್ನಾರ್ಕೆಲ್ (ಉಸಿರುಕೊಳವೆ, ಮಾಸ್ಕ್ ಹಾಕಿ ತೇಲುತ್ತಾ ನೀರೊಳಗೆ ನೋಡುವುದು) ಮಾಡಿ, ಎರಡೂವರೆಗೆ ಥಲೇ ವೇಕ್‌ನಲ್ಲಿ ಒಣ ಮರಳಿನ ಮೇಲೆ ನಡೆಯಬಹುದು.

ಇದಕ್ಕೆ ಮನೆಯ ಗೋಡೆಯ ಕ್ಯಾಲೆಂಡರೇ ಮೊದಲ ಸಹಾಯ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ನೀರಿನ ಏರಿಳಿತ ಅತಿ ಹೆಚ್ಚು, ಮರಳು ಚೆನ್ನಾಗಿ ತೆರೆದುಕೊಳ್ಳುತ್ತದೆ. ಅಷ್ಟಮಿ, ನವಮಿ ಆಸುಪಾಸು ಏರಿಳಿತ ತೀರಾ ಕಡಿಮೆ. ಆ ದಿನಗಳಲ್ಲಿ ಎಷ್ಟು ದುಡ್ಡು ಕೊಟ್ಟು ದೋಣಿ ಹಿಡಿದರೂ ದಾರಿ ಪೂರ್ತಿ ಏಳುವುದಿಲ್ಲ, ಹಾಗಾಗಿ ಪ್ರೈವೇಟ್‌ನ ದೊಡ್ಡ ಲಾಭವೇ ಇಲ್ಲ. ವಿಮಾನದ ಟಿಕೆಟ್ ಮಾಡುವಾಗಲೇ ತಿಥಿ ನೋಡಿಕೊಳ್ಳಿ. ನಿಖರ ಗಂಟೆಗೆ ಥಾಯ್ ನೌಕಾಪಡೆಯ ಜಲಮಾಪನ ಇಲಾಖೆಯ ಪಟ್ಟಿಯಿದೆ, ಮೊಬೈಲಿನ ಯಾವುದೇ ಟೈಡ್ ಆ್ಯಪ್‌ನಲ್ಲಿ ಕ್ರಾಬಿ ಅಂತ ಹಾಕಿದರೂ ಸಿಗುತ್ತದೆ.

ಹೋಂಗ್ ದ್ವೀಪದ ಲೆಕ್ಕ ತಿರುಗುಮುರುಗು. ಅಲ್ಲಿ ನೋಡಬೇಕಾದದ್ದು ಸುತ್ತ ಸುಣ್ಣಕಲ್ಲಿನ ಗೋಡೆ ಎದ್ದ ಒಳಗೊಳ. ಅದರ ಬಾಯಿ ಕಿರಿದು, ತಳ ಆಳವಿಲ್ಲ. ನೀರು ಅರ್ಧಕ್ಕಿಂತ ಮೇಲಿದ್ದರೆ ಮಾತ್ರ ದೋಣಿ ಒಳಗೆ ಹೋಗುತ್ತದೆ. ಇಳಿತದಲ್ಲಿ ಬಂದ ಜಾಯಿನ್ ದೋಣಿ ಹೊರಗಿನಿಂದಲೇ ತೋರಿಸಿ ಮುಂದೆ ಸಾಗುತ್ತದೆ. ಬೆಳಿಗ್ಗೆ ಉಬ್ಬರ ಇರುವ ದಿನ ಹೋಂಗ್, ಇಳಿತ ಹಗಲಿನ ಮಧ್ಯಕ್ಕೆ ಬರುವ ದಿನ ಫೋರ್ ಐಲ್ಯಾಂಡ್: ಇಷ್ಟು ಹೊಂದಿಸಿಕೊಂಡರೆ ಪ್ರವಾಸದ ಅರ್ಧ ಗೆದ್ದಂತೆ.

ಹತ್ತಿರದ ದ್ವೀಪಗಳಿಗೆ ಪ್ರೈವೇಟ್ ಅಂದರೆ ಸಾಮಾನ್ಯವಾಗಿ ಲಾಂಗ್‌ಟೇಲ್. ಉದ್ದನೆಯ ಮರದ ದೋಣಿ. ಹಿಂಬದಿಯಲ್ಲಿ ವಾಹನದ ಎಂಜಿನ್ನನ್ನು ತಿರುಗುವ ಕಂಬದ ಮೇಲೆ ಕೂರಿಸಿ, ಅದರಿಂದ ಉದ್ದನೆಯ ಕಬ್ಬಿಣದ ದಂಡ ಹೊರಗೆ ಚಾಚಿರುತ್ತದೆ, ತುದಿಯಲ್ಲಿ ಪ್ರೊಪೆಲರ್. ಆಳ ಕಮ್ಮಿಯಾದರೆ ದೋಣಿಯವನು ಎಂಜಿನ್ ಸಮೇತ ದಂಡವನ್ನು ಎತ್ತಿಬಿಡುತ್ತಾನೆ, ಹಾಗಾಗಿ ಸ್ಪೀಡ್‌ಬೋಟ್ ನಿಲ್ಲಲಾಗದ ಕಡೆಯೂ ಮರಳಿಗೆ ತಾಗುವಂತೆ ನಿಲ್ಲುತ್ತದೆ. ಸದ್ದು ಮಾತ್ರ ವಿಪರೀತ. ಹಿಂದೆ ಕೂತರೆ ಕಿವಿ ಗುಂಯ್‌ಗುಡುತ್ತದೆ, ತೀರಾ ಮುಂದೆ ಕೂತರೆ ಮೈ ಒದ್ದೆ. ಹಿರಿಯರನ್ನು, ಕೂಸುಗಳನ್ನು ಮಧ್ಯದ ಹಲಗೆಯಲ್ಲಿ ಕೂರಿಸಿ. ಮೂತಿಗೆ ಕಟ್ಟಿದ ಬಣ್ಣದ ಬಟ್ಟೆ, ಹೂಮಾಲೆ ದೋಣಿಯ ದೇವತೆ ಮೇ ಯಾ ನಾಂಗ್‌ಗೆ ಸಲ್ಲಿಸಿದ್ದು. ಫೋಟೋಕ್ಕಾಗಿ ಅದರ ಮೇಲೆ ಕಾಲಿಡಬೇಡಿ.

ಈಗ ದುಡ್ಡು. ದಡದ ದೋಣಿ ಸಂಘದ ಕೌಂಟರಿನಲ್ಲಿ ದರದ ಬೋರ್ಡ್ ಇರುತ್ತದೆ, ಚೌಕಾಸಿ ಹೆಚ್ಚು ನಡೆಯುವುದಿಲ್ಲ. ಆರು ಜನರವರೆಗಿನ ಲಾಂಗ್‌ಟೇಲ್‌ಗೆ ಫೋರ್ ಐಲ್ಯಾಂಡ್ ಸುತ್ತು ಸುಮಾರು 2,200ರಿಂದ 3,000 ಥಾಯ್ ಬಾತ್, ಅರ್ಧ ದಿನವೋ ಪೂರ್ತಿಯೋ ಎಂಬುದರ ಮೇಲೆ. ಜಾಯಿನ್ ಲಾಂಗ್‌ಟೇಲ್ ತಲೆಗೆ 400ರಿಂದ 600, ಸ್ಪೀಡ್‌ಬೋಟಾದರೆ ಇನ್ನೂ ಮೇಲೆ. ಆರು ಜನ ಇದ್ದರೆ ಎರಡೂ ಹೆಚ್ಚುಕಡಿಮೆ ಸಮ. ನಾಲ್ವರಿದ್ದರೆ ತಲೆಗೆ ಇನ್ನೂರು ಚಿಲ್ಲರೆ ಹೆಚ್ಚು ಬೀಳಬಹುದು, ಅಷ್ಟು ಕೊಡುವುದು ಖಂಡಿತ ಲೇಸು. ಇಬ್ಬರೇ ಆದರೆ ತಲೆಗೆ ಬೀಳುವ ಒಟ್ಟು ದರವೇ ಸಾವಿರದ ಮೇಲೆ ಹೋಗುತ್ತದೆ. ಮರಳಿನ ದಾರಿಯನ್ನು ನೋಡಲೇಬೇಕು ಎಂಬ ಆಸೆ ಇಲ್ಲದಿದ್ದರೆ ಜಾಯಿನ್ ಸಾಕು, ಅಥವಾ ಕೌಂಟರಿನ ಬಳಿ ನಿಂತಿರುವ ಇನ್ನೊಂದು ಜೋಡಿಯನ್ನು ಸೇರಿಸಿಕೊಳ್ಳಿ. ಜಾಯಿನ್ ದರದಲ್ಲಿ ಸಾಮಾನ್ಯವಾಗಿ ಹೋಟೆಲ್ ಪಿಕಪ್, ಊಟ, ಸ್ನಾರ್ಕೆಲ್ ಮಾಸ್ಕ್ ಸೇರಿರುತ್ತವೆ, ಪ್ರೈವೇಟ್‌ನಲ್ಲಿ ಬಹುಪಾಲು ಇರುವುದಿಲ್ಲ. ರಾಷ್ಟ್ರೀಯ ಉದ್ಯಾನದ ಶುಲ್ಕ ಎರಡರಲ್ಲೂ ಬೇರೆಯೇ. ಫಿ ಫಿ ಕಡೆಗೆ ವಿದೇಶಿ ವಯಸ್ಕರಿಗೆ 400 ಬಾತ್, ಮಕ್ಕಳಿಗೆ 200.

ಪ್ರೈವೇಟ್‌ನಲ್ಲಿ ಜಗಳ ಆಗುವುದು ಬಾಯಿಮಾತಿನ ಒಪ್ಪಂದದಿಂದ. ದೋಣಿಯವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಬುಕ್ ಮಾಡಿಸಿಕೊಂಡ ಅಂಗಡಿಯವರು ದೋಣಿಯಲ್ಲಿ ಇರುವುದಿಲ್ಲ. ಆದ್ದರಿಂದ ರಸೀದಿಯ ಮೇಲೆಯೇ ಬರೆಸಿ: ಯಾವ ಯಾವ ದ್ವೀಪ, ಯಾವ ಕ್ರಮದಲ್ಲಿ, ಎಷ್ಟು ಗಂಟೆ, ತಡವಾದರೆ ಗಂಟೆಗೆ ಎಷ್ಟು, ಎಂಜಿನ್‌ನ ಇಂಧನ ಸೇರಿದೆಯೋ ಇಲ್ಲವೋ. ಥಲೇ ವೇಕ್ ಹೆಸರಿನ ಪಕ್ಕ ಅಲ್ಲಿಗೆ ತಲುಪಬೇಕಾದ ಗಂಟೆಯನ್ನೂ ಬರೆಸಿ. ಹತ್ತುವ ಮೊದಲು ಮಕ್ಕಳ ಅಳತೆಯ ಲೈಫ್ ಜಾಕೆಟ್ ಕಣ್ಣಾರೆ ನೋಡಿ. ದೊಡ್ಡವರ ಜಾಕೆಟ್ ಹಾಕಿದರೆ ನೀರಿಗೆ ಬಿದ್ದಾಗ ಮಗು ಕೆಳಗೆ ಜಾರಿಬಿಡುತ್ತದೆ. ಲಾಂಗ್‌ಟೇಲ್‌ನಲ್ಲಿ ಶೌಚಾಲಯ ಇಲ್ಲ, ಪೋಡಾದಲ್ಲಿ ಇದೆ, ಹಾಗಾಗಿ ವಯಸ್ಸಾದವರಿದ್ದರೆ ಪೋಡಾವನ್ನು ಸುತ್ತಿನ ಮಧ್ಯಕ್ಕೆ ಇಟ್ಟುಕೊಳ್ಳಿ.

ಮಂಡಿನೋವಿನವರಿಗೆ ಎರಡು ಬಗೆಯೂ ಸುಲಭವಲ್ಲ. ಮೊಣಕಾಲಿಂದ ಸೊಂಟದವರೆಗಿನ ನೀರಿನಲ್ಲಿ ನಿಂತು, ಅಲುಗಾಡುವ ಚಿಕ್ಕ ಏಣಿ ಹತ್ತಬೇಕು. ಇಡೀ ದೋಣಿ ನಿಮ್ಮದಾದರೆ ಆತುರಪಡಿಸುವವರು ಇಲ್ಲ ಅಷ್ಟೆ. ಇಳಿತವನ್ನು ಹಿಡಿದು ಹೋದವರಿಗೆ ವಾಪಸ್ ಬರುವಾಗ ಇನ್ನೊಂದು ತೊಂದರೆ: ಆವ್‌ನಾಂಗ್ ದಡದಲ್ಲೂ ನೀರು ಹಿಂದೆ ಸರಿದಿರುತ್ತದೆ, ದೋಣಿ ದೂರದಲ್ಲೇ ನಿಲ್ಲುತ್ತದೆ. ಒದ್ದೆ ಮರಳು, ಚಿಪ್ಪು, ಕಲ್ಲುಗಳ ಮೇಲೆ ನಡೆಯಬೇಕಾಗುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ, ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ತೇಲಿಹೋಗುತ್ತದೆ.

ಫಿ ಫಿ ವಿಷಯಕ್ಕೆ ಬಂದರೆ ತೀರ್ಮಾನ ಬದಲಾಗುತ್ತದೆ. ಅದು ತೆರೆದ ಕಡಲು, ಸ್ಪೀಡ್‌ಬೋಟಿಗೇ ಮುಕ್ಕಾಲರಿಂದ ಒಂದು ಗಂಟೆ. ಲಾಂಗ್‌ಟೇಲ್‌ನಲ್ಲಿ ಅಲ್ಲಿಗೆ ಹೋಗುವ ಮಾತೇ ಬೇಡ. ಪ್ರೈವೇಟ್ ಸ್ಪೀಡ್‌ಬೋಟ್ ಹಿಡಿದರೆ ಬಿಲ್ಲು ಹತ್ತು ಸಾವಿರ ಬಾತ್‌ಗಿಂತ ಬಹಳ ಮೇಲೆ. ಅಷ್ಟು ಕೊಟ್ಟರೂ ಸಿಗುವ ಸ್ವಾತಂತ್ರ್ಯ ಕಡಿಮೆ. ದೋಣಿಗಳ, ಜನರ ದಟ್ಟಣೆಗೆ ಹವಳ ಹಾಳಾಗಿ 2018ರ ಜೂನ್‌ನಲ್ಲಿ ಮುಚ್ಚಿದ ಅಲ್ಲಿಯ ಹೆಸರಾಂತ ಕೊಲ್ಲಿ ಮಾಯಾ ಬೇ ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಈಗ ಅದರ ಒಳಗೆ ಯಾವ ದೋಣಿಯೂ ಹೋಗುವಂತಿಲ್ಲ, ಎಲ್ಲರೂ ಹಿಂಬದಿಯ ಲೋ ಸಮಾದಲ್ಲಿ ಇಳಿದು ನಡೆದು ಬರಬೇಕು. ಈಜುವಂತಿಲ್ಲ, ಒಟ್ಟಿಗೆ ಇರಬಹುದಾದ ಜನಕ್ಕೆ ಮಿತಿ ಇದೆ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಪೂರ್ತಿ ಮುಚ್ಚಿರುತ್ತದೆ. ಈ ನಿಯಮ ಎಲ್ಲರಿಗೂ ಒಂದೇ. ಹಾಗಾಗಿ ಫಿ ಫಿಗೆ ಜಾಯಿನ್, ಅದರಲ್ಲೂ ನಸುಕಿನಲ್ಲಿ ಹೊರಡುವ 'ಅರ್ಲಿ ಬರ್ಡ್' ಟೂರ್ ಒಳ್ಳೆಯದು. ಸೀಟು ಹಿಂದೆ ಹಿಡಿಯಿರಿ. ಅಲೆಯ ಮೇಲೆ ಮೂತಿ ಎದ್ದು ಬೀಳುವಾಗ ಮುಂದೆ ಕೂತವರ ಬೆನ್ನುಮೂಳೆಗೇ ಪೆಟ್ಟು. ಗರ್ಭಿಣಿಯರು, ಬೆನ್ನುನೋವಿನವರು ಈ ಸ್ಪೀಡ್‌ಬೋಟ್ ಹತ್ತಲೇಬಾರದು. ವಾಂತಿ ಬರುವವರು ಎಂದಿನ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಿ.

ಸಸ್ಯಾಹಾರಿಗಳಿಗೆ ಜಾಯಿನ್ ಟೂರಿನ ಊಟ ಕಷ್ಟ. ತರಕಾರಿ ಪಲ್ಯದಲ್ಲೂ ಮೀನಿನ ಸಾಸ್ ಇರುತ್ತದೆ. 'ವೆಜ್' ಅಂದರೆ ಎಷ್ಟೋ ಕಡೆ ಸರಿಯಾಗಿ ಅರ್ಥವಾಗುವುದಿಲ್ಲ, 'ಜೇ' ಎಂದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲದ್ದು ಎಂದು ತಿಳಿಯುತ್ತಾರೆ. ಬೆಳ್ಳುಳ್ಳಿ, ಈರುಳ್ಳಿಯೂ ಇರುವುದಿಲ್ಲ. ಹಿಂದಿನ ದಿನವೇ ಹೇಳಿ. ಪ್ರೈವೇಟ್‌ಗೆ ಚಪಾತಿ, ಚಿತ್ರಾನ್ನ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ಉದ್ಯಾನದಲ್ಲಿ ನಿಷೇಧ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗೂ 2021ರಿಂದ ನಿಷೇಧವಿದೆ. ಬೆಂಗಳೂರಿನಲ್ಲೇ ಟ್ಯೂಬಿನ ಹಿಂಬದಿ ಓದಿ ಕೊಳ್ಳಿ.

ಹವಾಮಾನದ ಮಾತು ಎರಡಕ್ಕೂ ಸೇರಿದ್ದು. ಮೇಯಿಂದ ಅಕ್ಟೋಬರ್‌ವರೆಗೆ ನಮ್ಮ ಕರಾವಳಿಗೆ ಬರುವ ನೈಋತ್ಯ ಮುಂಗಾರೇ ಅಲ್ಲಿಯ ಕಡಲನ್ನೂ ಕೆಡಿಸುತ್ತದೆ. 2018ರ ಜುಲೈ 5ರಂದು ಫುಕೆಟ್ ಬಳಿ ಬಿರುಗಾಳಿಗೆ ಫೀನಿಕ್ಸ್ ಎಂಬ ಪ್ರವಾಸಿ ದೋಣಿ ಮುಳುಗಿ 47 ಜನ ತೀರಿಕೊಂಡರು. ಆ ತಿಂಗಳುಗಳಲ್ಲಿ ದಡದಲ್ಲಿ ಕೆಂಪು ಬಾವುಟ ಕಂಡರೆ, ಅಥವಾ ದೊಡ್ಡ ಟೂರಿನವರು ಅಂದಿನ ಸುತ್ತನ್ನು ರದ್ದು ಮಾಡಿದ್ದರೆ, 'ನಾವು ಹೋಗ್ತೀವಿ, ಬನ್ನಿ' ಎನ್ನುವ ಒಂಟಿ ಲಾಂಗ್‌ಟೇಲ್ ಹತ್ತಬೇಡಿ. ಮಳೆಗಾಲದಲ್ಲಿ ಎರಡು ಮೂರು ದಿನದ ಟೂರ್‌ಗಳಿಗೆ ಒಟ್ಟಿಗೆ ದುಡ್ಡು ಕಟ್ಟುವುದೂ ಬೇಡ. ಹಿಂದಿನ ಸಂಜೆ ಗಾಳಿ ನೋಡಿ ಮರುದಿನದ್ದನ್ನು ಮಾತ್ರ ಬುಕ್ ಮಾಡಿ, ಕಡಲು ಕೆಟ್ಟು ರದ್ದಾದರೆ ಪೂರ್ತಿ ಹಣ ವಾಪಸ್ ಎಂಬುದನ್ನೂ ಅದೇ ರಸೀದಿಯಲ್ಲಿ ಬರೆಸಿಕೊಳ್ಳಿ.